ಹುತ್ತಕ್ಕೆ ಗಾಜಿನ ಗೋಡೆ ಇಲ್ಲ

ಕಲಬುರಗಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಗಾಜಿನ ಗೋಡೆ ನಿಲ್ಲಿಸುವವರ ಧೈರ್ಯ ದೊಡ್ಡದು. ಮೇ ತಿಂಗಳು, ಸಂಜೆ ನಾಲ್ಕು ಗಂಟೆ, ಹೊರಗೆ 43 ಡಿಗ್ರಿ, ಬಿಸಿಲು ನೇರ ಆ ನೀಲಿ ಗಾಜಿನ ಮೇಲೆ. ಒಳಗಿದ್ದವರು ಪರದೆ ಎಳೆದುಕೊಂಡು, ಟ್ಯೂಬ್‌ಲೈಟ್ ಹಚ್ಚಿಕೊಂಡು, ಏಸಿ 18ಕ್ಕೆ ಇಟ್ಟುಕೊಂಡು ಕೂತಿರುತ್ತಾರೆ. ಬೆಳಕಿಗೆ ಅಂತ ಗಾಜು, ಬೆಳಕು ಜಾಸ್ತಿ ಆಯ್ತು ಅಂತ ಪರದೆ, ಪರದೆ ಹಾಕಿ ಕತ್ತಲಾಯ್ತು ಅಂತ ಲೈಟು. ರಿಂಗ್ ರೋಡಿನ ಆಸುಪಾಸು ಇಂಥವು ಏಳುತ್ತಲೇ ಇವೆ. ಹೆಸರು ಬೇಡ, ನೀವೂ ನೋಡಿರುತ್ತೀರಿ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮಣ್ಣ ಊರಲ್ಲಿ ಮನೆ ಕಟ್ಟಲು ಹೊರಟಿದ್ದಾನೆ. ಊರು ಚಿತ್ತಾಪುರ ತಾಲೂಕು, ಕಾಗಿಣಾ ಹೊಳೆಯಿಂದ ದೂರವಿಲ್ಲ. ಪ್ಲಾನ್ ಹಾಕುವುದು ನನ್ನ ಕಸುಬು, ಹಾಗಾಗಿ ಪ್ಲಾನ್ ನನ್ನದೇ, ಫೀಸ್ ಕೇಳುವ ಹಾಗಿಲ್ಲ. ಆದರೆ ಅವನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಹೈದರಾಬಾದಿನ ಯಾವುದೋ ವಿಲ್ಲಾದ್ದು: ಮುಂದೆ ಎರಡಂತಸ್ತಿನ ಎತ್ತರಕ್ಕೆ ಗಾಜು, ಮೇಲೆ ಕಪ್ಪು ಬಣ್ಣ ಬಳಿದ ಸ್ಲ್ಯಾಬು. ಎರೆ ಹೊಲದ ಪಕ್ಕದ ಮನೆಗೆ ಇದು! ಅವನ ಜೊತೆ ಜಗಳ ಆಡುತ್ತಾ ಆಡುತ್ತಾ ನನ್ನ ತಲೆಯಲ್ಲಿ ಒಂದಷ್ಟು ವಿಚಾರ ಕೂಡಿಕೊಂಡಿವೆ. ಅವನು ಪೂರ್ತಿ ಕೇಳಲ್ಲ, ನೀವಾದರೂ ಕೇಳಿ.

ಪ್ರಕೃತಿಯಿಂದ ಕಲಿತು ಕಟ್ಟಡ ಕಟ್ಟಬೇಕು ಅನ್ನುವ ಮಾತು ಈಗ ಎಲ್ಲ ಕಡೆ ಇದೆ. ಆದರೆ ಬಹಳ ಸಲ ಅದು ಆಕಾರ ಕದಿಯುವುದಕ್ಕೇ ನಿಂತುಬಿಡುತ್ತದೆ. ಕಮಲದ ಹಾಗಿನ ಮಂದಿರ, ಮೊಟ್ಟೆಯ ಹಾಗಿನ ಆಫೀಸು. ಕಮಲದ ಹಾಗೆ ಕಂಡ ಮಾತ್ರಕ್ಕೆ ಕರೆಂಟ್ ಬಿಲ್ಲು ಕಮ್ಮಿ ಬರುತ್ತದಾ? ನಾನು ಹೇಳುವುದು ಇಷ್ಟೇ: ಆಕಾರ ಬಿಡಿ, ಕೆಲಸ ನೋಡಿ. ಅದರಲ್ಲೂ ನಮ್ಮ ಬಿಸಿಲಲ್ಲಿ, ನಮ್ಮ ಮಣ್ಣಲ್ಲಿ ಬದುಕಿ ತೋರಿಸಿದ ಜೀವಗಳ ಕೆಲಸ ನೋಡಿ.

ಈ ವಿಷಯ ಬಂದಾಗ ಎಲ್ಲರೂ ಹೇಳುವ ಕಥೆ ಜಿಂಬಾಬ್ವೆಯದು. ಹರಾರೆಯಲ್ಲಿ 1996ರಲ್ಲಿ ಈಸ್ಟ್‌ಗೇಟ್ ಸೆಂಟರ್ ಅಂತ ಒಂದು ದೊಡ್ಡ ಕಟ್ಟಡ ಶುರುವಾಯಿತು. ಅಂಗಡಿ, ಆಫೀಸು ಎಲ್ಲ ಇರುವ ಕಟ್ಟಡ, ಆದರೆ ಮಾಮೂಲಿ ಏಸಿ ಇಲ್ಲ. ವಿನ್ಯಾಸ ಮಿಕ್ ಪಿಯರ್ಸ್ ಅವರದು, ಸ್ಫೂರ್ತಿ ಗೆದ್ದಲಿನ ಹುತ್ತ. ರಾತ್ರಿಯ ತಣ್ಣನೆ ಗಾಳಿಯನ್ನು ಫ್ಯಾನುಗಳು ಒಳಗೆ ಎಳೆದು ದಪ್ಪ ಕಾಂಕ್ರೀಟಿಗೆ ತಂಪು ತುಂಬುತ್ತವೆ. ಹಗಲು ಒಳಗೆ ಬರುವ ಗಾಳಿ ಆ ತಂಪು ಕಾಂಕ್ರೀಟನ್ನು ಸವರಿಕೊಂಡು ಬರುತ್ತದೆ. ಕಾದ ಗಾಳಿ ಚಿಮಣಿಗಳಿಂದ ಮೇಲಕ್ಕೆ ಹೋಗುತ್ತದೆ. ಕಟ್ಟಡ ಕೆಲಸ ಮಾಡಿತು, ಏಸಿ ಯಂತ್ರಗಳ ಖರ್ಚೇ ಉಳಿಯಿತು, ಜಗತ್ತಿನ ಆರ್ಕಿಟೆಕ್ಚರ್ ಕ್ಲಾಸುಗಳಲ್ಲೆಲ್ಲ ಅದರ ಫೋಟೋ ಬಂತು.

ಮಜಾ ಇರುವುದು ಇದರ ಮುಂದಿನ ಭಾಗದಲ್ಲಿ. ಹುತ್ತವೆಂದರೆ ಒಂದು ಏಸಿ, ಒಳಗಿನ ಬಿಸಿ ಗಾಳಿ ಮೇಲೇರಿ ತಂಪಾಗಿ ಕೆಳಗಿಳಿಯುತ್ತದೆ ಅನ್ನುವ ತಿಳುವಳಿಕೆ 1961ರಲ್ಲಿ ಸ್ವಿಸ್ ವಿಜ್ಞಾನಿ ಮಾರ್ಟಿನ್ ಲುಷರ್ ಬರೆದದ್ದರಿಂದ ಹಬ್ಬಿತ್ತು. 2008ರಲ್ಲಿ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಅನ್ನುವ ಇಬ್ಬರು, ಆಫ್ರಿಕಾದ ಹುತ್ತಗಳನ್ನು ಅಳೆದು ನೋಡಿದ ಅನುಭವದಿಂದ, ಹಾಗೇನಿಲ್ಲ ಮಾರಾಯ್ರೆ ಅಂದರು. ಗೂಡಿನ ತಂಪನ್ನು ಕಾಯುವುದು ಸುತ್ತಲಿನ ನೆಲ. ಗೂಡು ಮಣ್ಣಿನೊಳಗಿದೆ, ಮಣ್ಣು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ, ಅಷ್ಟೇ. ಮೇಲೆ ಎದ್ದು ನಿಂತ ಹುತ್ತದ ಕೆಲಸ ಬೇರೆ. ಅದು ಶ್ವಾಸಕೋಶ. ಲಕ್ಷಾಂತರ ಹುಳುಗಳು, ಜೊತೆಗೆ ಅವು ಒಳಗೆ ಬೆಳೆಸುವ ಅಣಬೆ ತೋಟ, ಇವೆಲ್ಲ ಸೇರಿ ಬಿಡುವ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಕಳಿಸಬೇಕಲ್ಲ, ಅದಕ್ಕೆ ಹುತ್ತ.

ಹಾಗಾದರೆ ಉಸಿರಾಟ ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕೊ ಮತ್ತು ಎಲ್. ಮಹಾದೇವನ್ ಅವರು ಬೆಂಗಳೂರಿನ ಕಡೆಯ ಹುತ್ತಗಳ ಒಳಗೆ ಗಾಳಿಯ ಹರಿವನ್ನು ಅಳೆದು 2015ರಲ್ಲಿ ಪ್ರಕಟಿಸಿದರು. ಓಡಾಂಟೊಟರ್ಮಿಸ್ ಒಬೆಸಸ್ ಅನ್ನುವ ಗೆದ್ದಲು. ಹೆಸರು ಕೇಳಿ ಗಾಬರಿ ಬೇಡ, ಗೋಪುರದ ಹಾಗೆ ಎದ್ದು ಸುತ್ತಲೂ ಸೀರೆ ನೆರಿಗೆಯ ಹಾಗೆ ಮಡಿಕೆ ಮಡಿಕೆ ಇರುವ ಆ ಎತ್ತರದ ಹುತ್ತ ಕಟ್ಟುವ ಗೆದ್ದಲು ಇದೇ. ಹೊರಗಿನ ಮಡಿಕೆಗಳು ತೆಳು, ನಡುವಿನ ಕೊಳವೆ ದಪ್ಪ ಮಣ್ಣಿನೊಳಗೆ ಅಡಗಿದೆ. ಹಗಲು ಮಡಿಕೆಗಳು ಬೇಗ ಕಾಯುತ್ತವೆ, ಅಲ್ಲಿ ಗಾಳಿ ಮೇಲೇರುತ್ತದೆ, ನಡುವೆ ಕೆಳಗಿಳಿಯುತ್ತದೆ. ರಾತ್ರಿ ಮಡಿಕೆಗಳು ಬೇಗ ಆರುತ್ತವೆ, ಹರಿವು ಪೂರ್ತಿ ತಿರುಗುಮುರುಗು. ಹಗಲೆಲ್ಲ ಒಳಗೆ ಸೇರಿಕೊಂಡ ಕೆಟ್ಟ ಗಾಳಿ ರಾತ್ರಿ ಹೊರಗೆ ಹೋಗುತ್ತದೆ. ಎಲ್ಲೂ ಕಿಟಕಿ ಇಲ್ಲ, ಬಾಗಿಲಿಲ್ಲ. ಗೋಡೆಯ ಸಣ್ಣ ಸಣ್ಣ ರಂಧ್ರಗಳೇ ಸಾಕು. ನಾಗರ ಪಂಚಮಿಗೆ ಹಾಲೆರೆಯಲು ನಾವು ಹುಡುಕುವ ದೊಡ್ಡ ತೂತಿನ ಹುತ್ತ ಇದೆಯಲ್ಲ, ಈ ಜಾತಿಯ ಗೆದ್ದಲಿನ ಮಟ್ಟಿಗೆ ಅದು ಹಾಳುಬಿದ್ದ ಮನೆ. ಸಂಸಾರ ಇರುವ ಹುತ್ತ ಮುಚ್ಚಿಕೊಂಡೇ ಇರುತ್ತದೆ.

ಅಂದರೆ ಹುತ್ತ ಓಡುವುದು ಹಗಲು ರಾತ್ರಿಯ ವ್ಯತ್ಯಾಸದಿಂದ. ಕರೆಂಟಿಲ್ಲ, ಮೋಟರಿಲ್ಲ. ಕಥೆ ತಪ್ಪು ಅಂತ ಗೊತ್ತಾದ ಮೇಲೂ ಹರಾರೆಯ ಕಟ್ಟಡ ಯಾಕೆ ಕೆಲಸ ಮಾಡುತ್ತಿದೆ ಅಂದರೆ ಅದೂ ಓಡುವುದು ಅದೇ ವ್ಯತ್ಯಾಸದಿಂದ. ಹುತ್ತವನ್ನು ತಪ್ಪಾಗಿ ಓದಿಕೊಂಡು ಸರಿಯಾದ ಕಟ್ಟಡ ಕಟ್ಟಿದ್ದಾರೆ ಅಂತ ನಾನು ಹೇಳುತ್ತೇನೆ, ಪಿಯರ್ಸ್ ಒಪ್ಪುತ್ತಾರೋ ಇಲ್ಲವೋ.

(ತಮಾಷೆ ನೋಡಿ, ನಮ್ಮಲ್ಲಿ ಪಾಯ ತೋಡಿದ ತಕ್ಷಣ ಮಾಡುವ ಮೊದಲ ಕೆಲಸ ಗೆದ್ದಲಿಗೆ ಔಷಧಿ ಹೊಡೆಸುವುದು. ಗುರುವಿಗೆ ವಿಷ ಕೊಟ್ಟು ಪಾಠ ಶುರು.)

ಈಗ ನಮ್ಮೂರಿಗೆ ಬರೋಣ. ಇಲ್ಲೇ ಹುಷಾರಾಗಿರಬೇಕು. ಹರಾರೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ರಾತ್ರಿ ಚೆನ್ನಾಗಿ ತಣ್ಣಗಾಗುತ್ತದೆ. ಕಲಬುರಗಿ 450 ಮೀಟರ್ ಆಸುಪಾಸು. ಡಿಸೆಂಬರಿನಿಂದ ಮಾರ್ಚ್ ನಡುವಿನ ತನಕ ನಮ್ಮ ರಾತ್ರಿಗಳೂ ತಂಪು, ಆಗ ಕಿಟಕಿ ರಾತ್ರಿ ತೆರೆದು ಹಗಲು ಮುಚ್ಚಿದರೆ ಸಾಕು, ಮನೆ ತಂಪಿರುತ್ತದೆ. ಮೇ ತಿಂಗಳಲ್ಲಿ? ರಾತ್ರಿಯೂ 27, 28. ಗೋಡೆಗೆ ತುಂಬಲು ತಂಪೇ ಇಲ್ಲ. ಈಸ್ಟ್‌ಗೇಟ್‌ನ ನಕಲನ್ನು ತಂದು ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿದರೆ ಮೇ ತಿಂಗಳಲ್ಲಿ ಒಳಗಿದ್ದವರು ಆರ್ಕಿಟೆಕ್ಟನ್ನು ಹುಡುಕಿಕೊಂಡು ಬರುತ್ತಾರೆ. ಅದಕ್ಕೇ ಹೇಳುವುದು, ಬೇರೆ ಊರಿನ ಹುಳು ಬೇರೆ ಊರಿನ ಹವೆಗೆ ಕಂಡುಕೊಂಡ ಉಪಾಯ ನಮಗೆ ಹಾಗೇ ಒಗ್ಗಲ್ಲ.

ನಮ್ಮ ಹವೆಗೆ ಒಗ್ಗಿದ್ದು ನೆಲದ ತಂಪು. ಮಣ್ಣಿನೊಳಗೆ ಮೂರ್ನಾಲ್ಕು ಮೀಟರ್ ಇಳಿದರೆ ಬೇಸಿಗೆ, ಚಳಿ ಎರಡೂ ಮುಟ್ಟುವುದು ಕಮ್ಮಿ. ವರ್ಷದ ಸರಾಸರಿ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ನಮ್ಮಲ್ಲಿ 27-28 ಡಿಗ್ರಿ ಅಂತಿಟ್ಟುಕೊಳ್ಳಿ. ಇದನ್ನು ನಮ್ಮ ಹಿರಿಯರು ಹಗೇವಿನಲ್ಲಿ ಬಳಸಿದರು. ಹಗೇವು ನೋಡದ ಮಕ್ಕಳಿಗೆ ಹೇಳುವುದಾದರೆ, ನೆಲದಲ್ಲಿ ಆಳಕ್ಕೆ ತೋಡಿದ ಕೋಣೆ, ಬಾಯಿ ಸಣ್ಣದು, ಒಳಗೆ ಜೋಳ ತುಂಬಿ ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತುವುದು. ತಂಪೂ ಇರುತ್ತದೆ, ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸಿಬಿಡುತ್ತದೆ, ಹುಳು ಬದುಕಲ್ಲ. ಹಗೇವು ತೆಗೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ದೀಪ ಆರಲಿಲ್ಲ ಅಂದಮೇಲೆ ಇಳಿಯುವುದು. ಹುತ್ತ ಯಾವ ಗಾಳಿಯನ್ನು ಹೊರಗೆ ಹಾಕಲು ಅಷ್ಟು ಕಷ್ಟಪಡುತ್ತದೋ ಅದೇ ಗಾಳಿಯನ್ನು ಹಗೇವಿನಲ್ಲಿ ಬೇಕಂತಲೇ ಕೂಡಿಹಾಕುತ್ತಿದ್ದರು. ಎರಡೂ ಮಣ್ಣಿನ ಮನೆಗಳೇ, ಕೆಲಸ ಮಾತ್ರ ಉಲ್ಟಾ. ಈಗಿನ ನಮ್ಮ ಬೆಡ್‌ರೂಮುಗಳು, ಏಸಿ ಹಾಕಿ ಸಂದಿ ಸಂದಿ ಮುಚ್ಚಿ ನಾಲ್ಕು ಜನ ಮಲಗುತ್ತೇವಲ್ಲ, ಅವು ಹಗೇವಿಗೆ ಹತ್ತಿರವೋ ಹುತ್ತಕ್ಕೆ ಹತ್ತಿರವೋ ನೀವೇ ಯೋಚಿಸಿ.

ಹಳೇ ಮಾಳಿಗೆ ಮನೆಗಳ ವಿಷಯ ಇಲ್ಲಿಗೇ ಬರುತ್ತದೆ. ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಹಾಸಿ ಅಡಿಗಟ್ಟಲೆ ಮಣ್ಣು. ನಡುವೆ ಒಂದು ಬೆಳಕಿಂಡಿ. ಎರಡಡಿ ಕಲ್ಲಿನ ಗೋಡೆಯನ್ನು ಬಿಸಿ ದಾಟಿ ಒಳಗೆ ಬರಲು ಹನ್ನೆರಡು ಗಂಟೆಗೂ ಜಾಸ್ತಿ ಬೇಕು. ಮಧ್ಯಾಹ್ನದ ಬಿಸಿ ಒಳಗೆ ಮುಟ್ಟುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತದೆ, ಅಷ್ಟರಲ್ಲಿ ಮನೆಯವರು ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿರುತ್ತಾರೆ. ಅಂದರೆ ಮನೆಯ ಲೆಕ್ಕದಲ್ಲಿ ಮನುಷ್ಯರ ಓಡಾಟವೂ ಸೇರಿತ್ತು. ಐದಿಂಚಿನ ಕಾಂಕ್ರೀಟ್ ಸ್ಲ್ಯಾಬಿಗೆ ಮೂರ್ನಾಲ್ಕು ಗಂಟೆ ಸಾಕು. ಮಧ್ಯಾಹ್ನ ಎರಡಕ್ಕೆ ಕಾದದ್ದು ಸಂಜೆ ಆರರ ಮೇಲೆ ತಲೆ ಮೇಲೆ ಇಳಿಯಲು ಶುರು, ಮಲಗುವ ಹೊತ್ತಿಗೂ ಉಗುಳುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಬೇಸಿಗೆ ಮಧ್ಯಾಹ್ನ ಹೋಗಿ ನೋಡಿ, ಗೊತ್ತಾಗುತ್ತದೆ. 1367ರಲ್ಲಿ ಕಟ್ಟಿದ್ದು. 216 ಅಡಿ ಉದ್ದ, 176 ಅಡಿ ಅಗಲ. ಬೇರೆ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ, ಇಲ್ಲಿ ಇಡೀ ಜಾಗಕ್ಕೆ ಗುಮ್ಮಟಗಳ ಛಾವಣಿ. ಪಕ್ಕದ ಅಗಲ ಕಮಾನುಗಳಿಂದ ಬೆಳಕು ಓರೆಯಾಗಿ ಒಳಗೆ ಬರುತ್ತದೆ, ಬಿಸಿಲು ಬರಲ್ಲ. ಬಯಲು ಅಂಗಳ ಬಿಡದಿದ್ದಕ್ಕೆ ಕಾರಣ ಬಿಸಿಲೇ ಅಂತ ನಾನು ಹೇಳಲಾರೆ. ಆದರೆ ಆ ನೆರಳಲ್ಲಿ ನಿಂತಾಗ ಕಲಬುರಗಿಯ ಬಿಸಿಲಿಗೆ ಇದಕ್ಕಿಂತ ಒಳ್ಳೆ ಜವಾಬು ಇಲ್ಲ ಅನ್ನಿಸುತ್ತದೆ.

ಇಷ್ಟು ಹೇಳಿದರೆ ಅಣ್ಣ ಒಂದೇ ಮಾತಲ್ಲಿ ಬಾಯಿ ಮುಚ್ಚಿಸುತ್ತಾನೆ: "ಕಿಲ್ಲಾರಿ ಮರ್ತಿಯೇನು?"

ಮರೆಯಲು ಆಗಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ. ಆಳಂದ, ಬಸವಕಲ್ಯಾಣದ ಆಚೆ, ಮಹಾರಾಷ್ಟ್ರದ ಗಡಿ ದಾಟಿದರೆ ಸಿಗುವ ಊರು. ಭೂಕಂಪಕ್ಕೆ ಸುಮಾರು 10 ಸಾವಿರ ಜನ ಸತ್ತರು. ಸತ್ತದ್ದು ಬಹಳ ಮಟ್ಟಿಗೆ ಇಂಥವೇ ಮನೆಗಳಲ್ಲಿ, ನಾನು ಈಗ ಹೊಗಳಿದೆನಲ್ಲ, ಅದೇ ದಪ್ಪ ಗೋಡೆ, ಅದೇ ಮಣ್ಣಿನ ಮಾಳಿಗೆ. ಗುಂಡುಕಲ್ಲುಗಳನ್ನು ಮಣ್ಣಲ್ಲಿ ಇಟ್ಟು ಎಬ್ಬಿಸಿದ ಗೋಡೆ ಒಳಪದರ ಹೊರಪದರ ಅಂತ ಸೀಳಿಹೋಯಿತು, ಮೇಲಿದ್ದ ಟನ್ನುಗಟ್ಟಲೆ ಮಣ್ಣು ಮಲಗಿದವರ ಮೇಲೆ ಬಿತ್ತು. ಆಮೇಲೆ ನಮ್ಮ ಕಡೆ ಮಣ್ಣಿನ ಮನೆ ಅಂದರೆ ಸಾವಿನ ಮನೆ ಅನ್ನುವ ಹಾಗಾಯಿತು. ಆ ಹೆದರಿಕೆಯನ್ನು ಅಜ್ಞಾನ ಅಂತ ತಳ್ಳಿಹಾಕುವ ಪರಿಸರವಾದಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಳೆಯದೆಲ್ಲ ಚಂದ ಅಂತ ಬರೆಯುವವರು ಅಂಥ ಮಾಳಿಗೆ ಕೆಳಗೆ ಒಂದು ರಾತ್ರಿ ಮಲಗಿ ಆಮೇಲೆ ಬರೆಯಲಿ.

ಆದರೆ ಕೊಂದದ್ದು ಮಣ್ಣಲ್ಲ, ಕಟ್ಟು ಇಲ್ಲದಿರುವುದು. ಬಿದಿರು ನೋಡಿ. ಒಳಗೆ ಪೊಳ್ಳು, ಗೋಡೆ ತೆಳು, ಎತ್ತರ ಮನೆಗಿಂತ ಜಾಸ್ತಿ, ಗಾಳಿಗೆ ನೆಲದ ತನಕ ಬಾಗಿದರೂ ಸೀಳಲ್ಲ. ಕಾರಣ ಗೆಣ್ಣು. ಅಷ್ಟಷ್ಟು ದೂರಕ್ಕೆ ಒಂದು ಗೆಣ್ಣು ಸುತ್ತಲೂ ಹಿಡಿದು ನಿಲ್ಲಿಸುತ್ತದೆ. ಕಲ್ಲಿನ ಗೋಡೆಗೂ ಬೇಕಾದ್ದು ಇದೇ. ಪಾಯದ ಮೇಲೆ ಒಂದು, ಲಿಂಟಲ್ ಮಟ್ಟದಲ್ಲಿ ಒಂದು, ಛಾವಣಿ ಕೆಳಗೆ ಒಂದು, ಇಡೀ ಮನೆಯನ್ನು ಸುತ್ತುವ ಪಟ್ಟಿ. ಜೊತೆಗೆ ಗೋಡೆಯ ಈ ಕಡೆಯಿಂದ ಆ ಕಡೆಗೆ ಹಾಯುವ ಉದ್ದ ಕಲ್ಲುಗಳು, ಎರಡು ಪದರ ಬೇರೆಯಾಗದ ಹಾಗೆ. ಇದೇನು ನನ್ನ ಕಲ್ಪನೆ ಅಲ್ಲ, ಐಎಸ್ 13828 ಅಂತ ಭಾರತೀಯ ಮಾನಕವೇ ಇದೆ, ಅದೂ 1993ರದ್ದೇ. ಛಾವಣಿ ಹಗುರ ಇರಬೇಕು ಅನ್ನುವುದು ಇನ್ನೊಂದು ಪಾಠ. ದಪ್ಪ ಗೋಡೆ ಇಟ್ಟುಕೊಳ್ಳಿ, ದಪ್ಪ ಮಾಳಿಗೆ ಬಿಡಿ. ಅಣ್ಣನಿಗೆ ಈ ಮಾತು ಹಿಡಿಸಿತು. ಗಾಜಿನ ಮೇಲಿನ ಆಸೆ ಅರ್ಧ ಇಳಿದದ್ದು ಅಲ್ಲೇ ಅನ್ನಿಸುತ್ತದೆ.

ಎರೆ ಮಣ್ಣಿನ ಕಥೆಯೇ ಬೇರೆ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ, ಬಿರುಕಿನಲ್ಲಿ ಕೈ ಹೋಗುತ್ತದೆ. ಅದರಲ್ಲಿ ಆಳಕ್ಕಿಳಿಯದೆ ಮೇಲ್ಮೇಲೆ ಕೂತ ಪಾಯ ವರ್ಷಕ್ಕೆ ಎರಡು ಸಲ ಅಲುಗಾಡುತ್ತದೆ, ಗೋಡೆಯಲ್ಲಿ ಓರೆ ಬಿರುಕು. ಈ ಮಣ್ಣಿನಲ್ಲಿ ಯಾರು ನೆಟ್ಟಗೆ ನಿಂತಿದ್ದಾರೆ ಅಂತ ಸುತ್ತ ನೋಡಿದರೆ ತೊಗರಿ! ಮೇಲೆ ನೆಲ ಸೀಳಿಹೋದರೂ ಅದು ನಿಂತಿರುತ್ತದೆ, ಯಾಕೆಂದರೆ ತಾಯಿಬೇರು ಆಳಕ್ಕೆ, ತೇವ ಇರುವ ಕಡೆಗೆ ಇಳಿದಿರುತ್ತದೆ. ಎಂಜಿನಿಯರುಗಳ ಅಂಡರ್‌ರೀಮ್ಡ್ ಪೈಲ್ ಅನ್ನುವುದು ಮಾಡುವುದೂ ಇದನ್ನೇ. ಮೂರೂವರೆ ಮೀಟರ್ ಅಥವಾ ಅದಕ್ಕಿಂತ ಆಳಕ್ಕೆ ಕಂಬದ ಗುಂಡಿ ಕೊರೆದು, ಬುಡದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡಿ ಕಾಂಕ್ರೀಟ್ ತುಂಬುವುದು. ಮೇಲಿನ ಮಣ್ಣು ಏನೇ ಕುಣಿಯಲಿ, ಕೆಳಗಿನದು ಅಲ್ಲಾಡಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮಂಥ ಮಣ್ಣಿಗೆಂದೇ ಇದನ್ನು ಬೆಳೆಸಿತು. ತೊಗರಿ ನೋಡಿ ಕಲಿತರೋ ಇಲ್ಲವೋ, ತೊಗರಿ ಕಣಜದವರಾದ ನಮಗೆ ಇದು ಬೇಗ ಅರ್ಥ ಆಗಬೇಕು.

ನೆರಳಿನ ವಿಷಯದಲ್ಲಿ ನನಗೆ ಬಹಳ ಇಷ್ಟದ ಪಾಠ ಬೇವಿನದು. ನಮ್ಮ ಒಣ ಸೀಮೆಯ ಮರಗಳನ್ನು ಸಾಲಾಗಿ ನೆನಪು ಮಾಡಿಕೊಳ್ಳಿ: ಬೇವು, ಜಾಲಿ, ಬನ್ನಿ, ಹುಣಸೆ. ಎಲ್ಲ ಸಣ್ಣ ಸಣ್ಣ ಎಲೆ. ದೊಡ್ಡ ಎಲೆ ಬಿಸಿಲಿಗೆ ಕಾದರೆ ಬಿಸಿ ಬಿಟ್ಟುಕೊಡುವುದು ಕಷ್ಟ, ಅದರ ಮೇಲೆ ಬಿಸಿ ಗಾಳಿಯ ದಪ್ಪ ಪದರ ಕೂತುಬಿಡುತ್ತದೆ. ಸಣ್ಣ ಎಲೆಯ ಮೇಲೆ ಆ ಪದರ ತೆಳು, ಸ್ವಲ್ಪ ಗಾಳಿ ಆಡಿದರೂ ಬಿಸಿ ಹಾರಿಹೋಗುತ್ತದೆ. ಹಾಗಾಗಿ ಬೇವಿನ ಎಲೆ ಗಾಳಿಯಷ್ಟೇ ಬಿಸಿ ಇರುತ್ತದೆ, ಹೆಚ್ಚು ಕಾಯಲ್ಲ. ನಾವು ಮನೆ ಮುಂದೆ ಹಾಕುವ ತಗಡಿನ ಶೀಟು? ಒಂದೇ ದೊಡ್ಡ ಎಲೆ. ಬಿಸಿಲು ತಡೆಯುತ್ತದೆ ನಿಜ, ಆದರೆ ತಾನು ಕಾದು ಕೆಂಡವಾಗಿ ಕೆಳಗೆ ಕೂತವರ ಮೇಲೆ ಕಾರುತ್ತದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಎಲೆಯ ಈ ಲೆಕ್ಕ ಹಿಡಿದುಕೊಂಡು ಸಣ್ಣ ಸಣ್ಣ ತುಂಡುಗಳ ಚಪ್ಪರವನ್ನೇ ಮಾಡಿ ನೋಡಿದರು, ತಂಪಾಗಿತ್ತು. ನಮಗೆ ಅಷ್ಟೆಲ್ಲ ಬೇಡ. ತೊಗರಿ ಕಟ್ಟಿಗೆ ಹಾಸಿದ ಹಂದರ ಇದೇ ಕೆಲಸ ಮಾಡುತ್ತದೆ, ಖರ್ಚೂ ಇಲ್ಲ. "ಬಡವರ ಮನೆ ಕಂಡಂಗ ಕಾಣ್ತದ" ಅಂತಾರೆ ನಮ್ಮ ವೈನಿ, ಅದೊಂದೇ ತೊಂದರೆ. ಅವರ ಮಾತು ಸುಳ್ಳಲ್ಲ, ಊರಲ್ಲಿ ಮನೆ ಕಟ್ಟುವುದೇ ನಾಲ್ಕು ಜನ ನೋಡಲಿ ಅಂತ. ಆದ್ದರಿಂದ ಕಬ್ಬಿಣದ ಚೌಕಟ್ಟು ಮಾಡಿಸಿ, ಸಣ್ಣ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿ, ಮೇಲೆ ಬಳ್ಳಿ ಹಬ್ಬಿಸುವುದು ಅಂತ ಒಪ್ಪಂದವಾಗಿದೆ.

ಮರ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನೀರು ಬಿಡುತ್ತದೆ. ಮೇ ತಿಂಗಳಲ್ಲಿ ರಾತ್ರಿ ತಂಪು ಸಿಗಲ್ಲ ಅಂದೆನಲ್ಲ, ಆಗ ನಮ್ಮ ಕೈ ಹಿಡಿಯುವುದು ಇದೇ. ನಮ್ಮ ಬೇಸಿಗೆ ಒಣ ಬೇಸಿಗೆ, ಮಂಗಳೂರಿನ ಹಾಗಲ್ಲ. 42 ಡಿಗ್ರಿ ಬಿಸಿ, ಗಾಳಿಯಲ್ಲಿ ತೇವ ಶೇಕಡಾ 20 ಇದ್ದಾಗ ನೀರು ಆವಿಯಾಗುತ್ತಾ ಗಾಳಿಯನ್ನು 24 ಡಿಗ್ರಿ ಹತ್ತಿರದ ತನಕ ಇಳಿಸಬಲ್ಲದು, ಅದು ಲೆಕ್ಕದ ಮಿತಿ. ಒಳ್ಳೆ ಕೂಲರ್ 28ರ ತನಕ ಆರಾಮಾಗಿ ತರುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೇ. ಕಿಟಕಿಗೆ ಕಟ್ಟುವ ಲಾವಂಚದ ತಟ್ಟಿಯೂ ಹೀಗೇ. ಮಳೆಗಾಲ ಶುರುವಾಗಿ ಗಾಳಿ ಒದ್ದೆಯಾದರೆ ಈ ಆಟ ನಡೆಯಲ್ಲ, ಆಗ ಬರೀ ಗಾಳಿಯಾಡಬೇಕು. ಮತ್ತೆ ಬೇಸಿಗೆಯಲ್ಲಿ ಕೂಲರಿಗೆ ನೀರು ಎಲ್ಲಿಂದ? ಅದು ಸಣ್ಣ ಪ್ರಶ್ನೆ ಅಲ್ಲ, ಬೀದರ್ ವಿಷಯಕ್ಕೆ ಬರುವಾಗ ಹೇಳುತ್ತೇನೆ.

ಛಾವಣಿಗೆ ಬಿಳಿ ಬಳಿಯಿರಿ. ಇದನ್ನು ಒಂದೇ ಸಾಲಲ್ಲಿ ಹೇಳಿ ಮುಗಿಸಬಹುದು. ಸಹಾರಾ ಮರಳುಗಾಡಿನಲ್ಲಿ ಬೆಳ್ಳಿ ಬಣ್ಣದ ಇರುವೆ ಇದೆ, ಮೈಮೇಲಿನ ಕೂದಲಿನಿಂದಲೇ ಬಿಸಿಲನ್ನು ವಾಪಸ್ ಕಳಿಸಿ, ಮೈಯ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ ಅಂತ 2015ರಲ್ಲಿ ಕಂಡುಕೊಂಡರು. ಕಾಂಕ್ರೀಟಿನ ಮೇಲ್ಮೈ ಮೇ ಮಧ್ಯಾಹ್ನ 60 ಡಿಗ್ರಿ ದಾಟುತ್ತದೆ, ಎರಡು ಕೋಟ್ ಸುಣ್ಣ ಅದನ್ನು ಎಷ್ಟೋ ಇಳಿಸುತ್ತದೆ, ಖರ್ಚು ಒಂದು ಜೋಡಿ ಚಪ್ಪಲಿಯಷ್ಟೂ ಇಲ್ಲ. ಕಪ್ಪು ಸ್ಲ್ಯಾಬಿನ ಫೋಟೋ ಕಳಿಸಿದವನಿಗೆ ನಾನು ಆ ಇರುವೆಯ ಫೋಟೋ ಕಳಿಸಿದೆ.

ಸಿಮೆಂಟಿನ ಬಗ್ಗೆ ಬರೆಯದೆ ಈ ಸೀಮೆಯವನು ಕಟ್ಟಡದ ಬಗ್ಗೆ ಬರೆಯುವ ಹಾಗಿಲ್ಲ. ವಾಡಿ, ಸೇಡಂ, ಮಳಖೇಡ ಕಡೆಯ ಕಾರ್ಖಾನೆಗಳು ನೆಲದ ಸುಣ್ಣದ ಕಲ್ಲನ್ನು ತೆಗೆದು ಸುಮಾರು 1,450 ಡಿಗ್ರಿಯಲ್ಲಿ ಬೇಯಿಸುತ್ತವೆ. ಆಗ ಉರುವಲಿನ ಹೊಗೆ ಒಂದು ಕಡೆ, ಕಲ್ಲಿನೊಳಗೇ ಇದ್ದ ಕಾರ್ಬನ್ ಡೈಆಕ್ಸೈಡ್ ಇನ್ನೊಂದು ಕಡೆ. ಜಗತ್ತಿನಲ್ಲಿ ಮನುಷ್ಯರು ಬಿಡುವ ಆ ಅನಿಲದಲ್ಲಿ ಶೇಕಡಾ 7-8 ಸಿಮೆಂಟಿನದ್ದೇ. ಅದೇ ಸುಣ್ಣದ ಅಂಶ ತಿಂದು ಹೊಲದ ಬದುವಿನಲ್ಲಿ ಬಸವನ ಹುಳು ಚಿಪ್ಪು ಕಟ್ಟಿಕೊಳ್ಳುತ್ತದೆ, ಒಲೆ ಇಲ್ಲದೆ, ಮಾಮೂಲಿ ಹವೆಯಲ್ಲೇ. ನಮಗೆ ಆ ವಿದ್ಯೆ ಇನ್ನೂ ಪೂರ್ತಿ ಬಂದಿಲ್ಲ. ಕಾರ್ಖಾನೆಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ, ಅವನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಆದರೆ ಬೇಯಿಸದೆ ಬಳಸಬಹುದಾದ ಅದೇ ಕಲ್ಲು ಪಕ್ಕದಲ್ಲೇ ಬಿದ್ದಿದೆಯಲ್ಲ ಅಂತ ಸಂಕಟ. ಶಹಾಬಾದ್ ಕಲ್ಲು. ನೆಲದಿಂದ ಏಳುವಾಗಲೇ ಪದರ ಪದರವಾಗಿ ಚಪ್ಪಟೆ ಏಳುತ್ತದೆ. ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದ ಶಿಲ್ಪಗಳು ಈ ಸೀಮೆಯ ಸುಣ್ಣದ ಕಲ್ಲಿನವೇ, "ರಾಯ ಅಸೋಕೋ" ಅಂತ ಅಶೋಕನ ಹೆಸರು ಕೆತ್ತಿದ ಹಲಗೆ ಎಷ್ಟು ಶತಮಾನ ತಡೆದು ನಿಂತಿದೆ! ನಾವು ಅದನ್ನು ನೆಲಕ್ಕೆ ಹಾಸಲು ಮಾತ್ರ ಲಾಯಕ್ಕು ಅಂತ ಮಾಡಿಕೊಂಡು, ಈಗ ಅಲ್ಲೂ ಗುಜರಾತಿನ ಟೈಲ್ಸ್ ಹಾಕುತ್ತಿದ್ದೇವೆ. ಗಣಿಯ ಪಕ್ಕ ಒಡೆದ ಚೂರುಗಳ ಗುಡ್ಡೆಗಳಿವೆ. ಚಪ್ಪಟೆ ಚೂರುಗಳು ಗೋಡೆಗೆ ಬಹಳ ಚೆನ್ನ, ಗುಂಡುಕಲ್ಲಿನ ಹಾಗೆ ಉರುಳಲ್ಲ, ಒಂದರ ಮೇಲೊಂದು ಹಚ್ಚಿ ಕೂರುತ್ತವೆ. ಅಣ್ಣನ ಮನೆಯ ಪಶ್ಚಿಮದ ಗೋಡೆ ಇದರದ್ದೇ, ಒಂದೂವರೆ ಅಡಿ ದಪ್ಪ, ಪಟ್ಟಿಗಳ ಸಮೇತ, ಒಂದೂ ಕಿಟಕಿ ಇಲ್ಲದೆ.

ನೀರಿನ ಮಾತು ಬಾಕಿ ಇತ್ತು. ಬೀದರ್ ಊರು ಕೂತಿರುವುದು ಕೆಂಪು ಮುರಕಲ್ಲಿನ ದಿಬ್ಬದ ಮೇಲೆ. ಆ ಕಲ್ಲಿನ ತುಂಬ ರಂಧ್ರ, ಮಳೆ ನೀರನ್ನು ಕುಡಿದುಬಿಡುತ್ತದೆ. ಅದರ ಕೆಳಗೆ ಕರಿ ಕಲ್ಲು, ಅದು ನೀರನ್ನು ಸುಲಭಕ್ಕೆ ಬಿಡಲ್ಲ. ನೀರು ನಡುವೆ ನಿಂತು, ದಿಬ್ಬದ ಅಂಚು ಸಿಕ್ಕಲ್ಲಿ ಸೋರಿ ಹೊರಗೆ ಬರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆಯುತ್ತೇವಲ್ಲ, ಗುರುನಾನಕ್ ಝೀರಾದಲ್ಲಿ ಸಿಹಿ ನೀರು ಕುಡಿಯುತ್ತೇವಲ್ಲ, ಎಲ್ಲ ಇದೇ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಈ ಕಲ್ಲಿನ ಸ್ವಭಾವ ತಿಳಿದುಕೊಂಡು ನೌಬಾದ್ ಕಡೆ ಕರೇಜ್ ತೋಡಿದರು. ನೆಲದೊಳಗೆ ಕಿಲೋಮೀಟರುಗಟ್ಟಲೆ ಸುರಂಗ, ಅಲ್ಲಲ್ಲಿ ಗಾಳಿಗೆ, ಬೆಳಕಿಗೆ ಬಾವಿಯಂಥ ಬಾಯಿಗಳು. ನೀರು ತಾನೇ ಇಳಿಜಾರಿಗೆ ಹರಿಯುತ್ತದೆ, ಬಿಸಿಲು ಮುಟ್ಟಲ್ಲ, ಆವಿಯಾಗಲ್ಲ, ಪಂಪೂ ಬೇಡ. ಈಗ ಅದರ ಮೇಲೆ ಲೇಔಟುಗಳು. ಮಳೆ ಕುಡಿಯುವ ಕಲ್ಲಿನ ಮೇಲೆ ಕಾಂಕ್ರೀಟ್ ಹಾಕಿ ಬಾಯಿ ಮುಚ್ಚಿ, ಆಮೇಲೆ ಬೋರ್‌ವೆಲ್ ಕೊರೆಸಿ ನೀರಿಲ್ಲ ಅನ್ನುವುದು ಯಾವ ಜಾಣತನ?

ನಮ್ಮೂರಲ್ಲಿ ಮುರಕಲ್ಲು ಇಲ್ಲ, ಎರೆ ಮಣ್ಣಿನ ಮೇಲ್ಪದರ ಒಂದು ಸಲ ನೆನೆದರೆ ನೀರು ಬೇಗ ಇಳಿಯಬಿಡಲ್ಲ. ಹಾಗಾಗಿ ಬೀದರಿನ ಉಪಾಯ ಅಲ್ಲಿ ನಡೆಯಲ್ಲ. ಛಾವಣಿ ನೀರನ್ನು ನೆಲದಡಿಯ ತೊಟ್ಟಿಯಲ್ಲಿ ಕೂಡಿಡುವುದು ಒಂದೇ ದಾರಿ. ಲೆಕ್ಕ ಸುಲಭ: 1,000 ಚದರ ಅಡಿ ಛಾವಣಿ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 65 ಸಾವಿರ ಲೀಟರ್. ಅಷ್ಟನ್ನೂ ಹಿಡಿಯುವ ತೊಟ್ಟಿ ಕಟ್ಟಲು ಅಣ್ಣನ ಹತ್ತಿರ ದುಡ್ಡಿಲ್ಲ. 20 ಸಾವಿರ ಲೀಟರಿನದು ಕಟ್ಟೋಣ ಅಂದಿದ್ದೇನೆ. ಮಳೆಗಾಲದಲ್ಲಿ ತುಂಬಿ ಬಳಸಿ, ಮತ್ತೆ ತುಂಬಿ, ಕೊನೆಗೆ ಮಿಕ್ಕ ತೊಟ್ಟಿಯನ್ನು ಏಪ್ರಿಲ್ ಮೇ ಕೂಲರಿಗೆ, ಬಳ್ಳಿಗೆ ಇಟ್ಟುಕೊಳ್ಳುವುದು.

ಈಗ ಎಲ್ಲಿಗೆ ಬಂದಿದ್ದೇವೆ ಅಂದರೆ, ಪಾಯಕ್ಕೆ ಪೈಲ್, ಪಶ್ಚಿಮಕ್ಕೆ ಕಲ್ಲು, ಪೂರ್ವ ಉತ್ತರಕ್ಕೆ ಕಿಟಕಿ, ನಡುವೆ ಎತ್ತರದ ಬೆಳಕಿಂಡಿ, ಅದಕ್ಕೆ ರಾತ್ರಿ ಹಗ್ಗ ಎಳೆದು ತೆರೆಯುವ ಮುಚ್ಚಳ, ಮೇಲೆ ಸುಣ್ಣ ಬಳಿದ ಸ್ಲ್ಯಾಬು. ಗಾಜು ಪೂರ್ತಿ ಹೋಗಿಲ್ಲ. ಉತ್ತರದ ಕಡೆ ಮೆಟ್ಟಿಲ ಹತ್ತಿರ ನಾಲ್ಕಡಿ ಅಗಲ, ಎರಡಂತಸ್ತಿನ ಎತ್ತರಕ್ಕೆ ಬಿಟ್ಟುಕೊಟ್ಟಿದ್ದೇನೆ, ಅಲ್ಲಿಗೆ ಬಿಸಿಲು ಬೀಳುವುದು ಬಹಳ ಕಮ್ಮಿ, ಫೋಟೋಗೂ ಚೆನ್ನಾಗಿರುತ್ತದೆ. ಗೌಂಡಿ ಕಲ್ಲಿನ ಗೋಡೆ ರೇಟ್ ಕೇಳಿದ್ದಕ್ಕೆ "ಅದು ಮಾಡೋ ಮಂದಿ ಈಗ ಕಮ್ಮಿ ಅದಾರ್ರೀ, ಇಟ್ಟಂಗಿಗಿಂತ ಜಾಸ್ತಿ ಆಗ್ತದ" ಅಂದ. ಎಷ್ಟು ಜಾಸ್ತಿ ಅಂತ ಇನ್ನೂ ಹೇಳಿಲ್ಲ. ಅವನು ಹೇಳುವ ಅಂಕಿ ನೋಡಿಕೊಂಡು ಅಣ್ಣ ಮತ್ತೆ ಹೈದರಾಬಾದಿನ ಫೋಟೋ ತೆಗೆಯದಿದ್ದರೆ, ದೀಪಾವಳಿ ಕಳೆದ ಮೇಲೆ ಪಾಯ ಶುರು.